ಸಣ್ಣ ಕೃಷಿ ಉದ್ದಿಮೆಗೆ ದೂರದ ಗುಮಾಸ್ತ

‘ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’ ಎಂಬ ಗಾದೆಯನ್ನು ಕೇಳದ ರೈತರಿಲ್ಲ. ಹೊಲದ ಕೆಲಸದಲ್ಲಿ ಈ ಮಾತಿಗೆ ಅರ್ಥವಿದೆ. ಆದರೆ ಬೆಳೆದುದನ್ನು ಮಂಡಿಗೆ ಹಾಕಿ ಬರುವ ಬದಲು ತಾನೇ ಪೆಟ್ಟಿಗೆ ಕಟ್ಟಿ, ನೇರವಾಗಿ ಬಳಕೆದಾರರಿಗೆ ಮಾರಲು ಹೊರಟ ರೈತ ಎಲ್ಲ ಕೆಲಸವನ್ನೂ ಒಬ್ಬನೇ ಮಾಡುತ್ತೇನೆಂದರೆ ನಡೆಯುವುದಿಲ್ಲ. ಬೆಳಗ್ಗೆ ತೋಟದಲ್ಲಿ ಕಾಯಿ ಕೀಳಿಸುವ ಹೊತ್ತಿಗೇ ಪಟ್ಟಣದಿಂದ ಕರೆಗಳು ಬರುತ್ತವೆ. ಮರದ ಕೆಳಗೆ ನಿಂತು ಮಾತನಾಡಿದರೆ ಅಷ್ಟರಲ್ಲಿ ಆಳುಗಳು ಎಳೆಕಾಯಿ ಕಿತ್ತಿರುತ್ತಾರೆ. ಮಾತನಾಡದಿದ್ದರೆ ಗಿರಾಕಿ ಬೇರೆಯವರನ್ನು ಹುಡುಕಿಕೊಂಡಿರುತ್ತಾನೆ.

ಇಂತಹ ಉದ್ದಿಮೆಗಳಿಗೆ ನೆರವಾಗುವ ಒಂದು ವ್ಯವಸ್ಥೆ ಈಗ ಬಳಕೆಗೆ ಬಂದಿದೆ. ಬೇರೆ ಊರಿನಲ್ಲಿ ತಮ್ಮ ಮನೆಯಲ್ಲೇ ಕುಳಿತು, ಫೋನು ಮತ್ತು ಕಂಪ್ಯೂಟರಿನ ಮೂಲಕ ನಿಮ್ಮ ಕಚೇರಿ ಕೆಲಸವನ್ನು ದಿನಕ್ಕೆ ಕೆಲವು ಗಂಟೆ ಮಾಡಿಕೊಡುವವರು ಸಿಗುತ್ತಾರೆ. ಪಟ್ಟಣದ ವ್ಯವಹಾರಸ್ಥರು ಇವರನ್ನು ‘ವರ್ಚುವಲ್ ಅಸಿಸ್ಟೆಂಟ್’ ಎಂದು ಕರೆಯುತ್ತಾರೆ. ನಾವು ‘ದೂರದ ಗುಮಾಸ್ತ’ ಎನ್ನೋಣ. ಸಂದೇಶಗಳಿಗೆ ಯಂತ್ರವೇ ಉತ್ತರಿಸುವ ವ್ಯವಸ್ಥೆಯೂ ಇದೆ. ಈ ಲೇಖನ ಮಾತ್ರ ಮನುಷ್ಯರನ್ನು ನೇಮಿಸಿಕೊಳ್ಳುವ ಬಗ್ಗೆ.

ಮುಖ ನೋಡದೆ ಕೆಲಸ ನಡೆಯುವುದು ರೈತರಿಗೆ ಹೊಸದಲ್ಲ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿಗೆ ಫೋನು ಮಾಡಿ ಬೆಳೆಯ ರೋಗಕ್ಕೆ ಸಲಹೆ ಪಡೆದವರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿಯೂ ಸಲಹೆ ಸರಿಯಾಗಿ ಸಿಗುವುದು ಕೇಳುವವರು ಬೆಳೆಯ ವಯಸ್ಸು, ರೋಗದ ಲಕ್ಷಣಗಳನ್ನು ಸರಿಯಾಗಿ ತಿಳಿಸಿದಾಗ ಮಾತ್ರ. ದೂರದ ಗುಮಾಸ್ತನ ವಿಷಯದಲ್ಲಿಯೂ ಇದೇ ಮುಖ್ಯ.

ನಮ್ಮ ಮನೆಯಲ್ಲಿ ಆದ ನಷ್ಟ

ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ ಆದ ತಪ್ಪಿನಿಂದ. ನಮ್ಮಣ್ಣನಿಗೆ ರಾಮನಗರದ ಕಡೆ ನಾಲ್ಕು ಎಕರೆ ಬಾದಾಮಿ ಮಾವಿನ ತೋಟವಿದೆ. ಮೊದಲು ಹೂವಿನಲ್ಲೇ ಗುತ್ತಿಗೆ ಕೊಡುತ್ತಿದ್ದ. ಅನಂತರ 3 ಕಿಲೋ ಪೆಟ್ಟಿಗೆಗಳಲ್ಲಿ ತಾನೇ ಮಾರಲು ತೊಡಗಿದ. ಕರೆ, ಸಂದೇಶಗಳ ಕಾಟ ಹೆಚ್ಚಾದಾಗ ನಾನೇ ಸಲಹೆ ಕೊಟ್ಟು, ತುಮಕೂರಿನಲ್ಲಿದ್ದ ಬಿ.ಕಾಂ. ಓದಿದ ಹೆಣ್ಣುಮಗಳೊಬ್ಬರನ್ನು ಪರಿಚಿತರ ಮೂಲಕ ಗೊತ್ತು ಮಾಡಿಕೊಟ್ಟೆ. ‘ಆರ್ಡರ್ ಬರೆದುಕೊಳ್ಳಮ್ಮ, ಹಣ ಬಂತೇ ನೋಡಮ್ಮ’ ಎಂದು ಫೋನಿನಲ್ಲಿ ಹೇಳಿದ್ದಷ್ಟೇ. ಬೇರೇನನ್ನೂ ಬರೆದು ಕೊಡಲಿಲ್ಲ.

ಎರಡನೆಯ ವಾರ ಶನಿವಾರಕ್ಕೆಂದು 64 ಪೆಟ್ಟಿಗೆಗಳಿಗೆ ಆರ್ಡರ್ ಆಯಿತು. ತೋಟದಲ್ಲಿ ಬಲಿತು, ಹುಲ್ಲಿನಲ್ಲಿ ಹಣ್ಣಾಗಿ ಸಿದ್ಧವಿದ್ದದ್ದು 40 ಪೆಟ್ಟಿಗೆಗೆ ಸಾಲುವಷ್ಟು ಮಾತ್ರ. ಮಾತು ತಪ್ಪಬಾರದೆಂದು ಅಣ್ಣ ಉಳಿದ 24 ಪೆಟ್ಟಿಗೆಗಳಿಗೆ ಅರೆಬಲಿತ ಕಾಯಿ ತುಂಬಿಸಿದ. ಅವು ಸುಕ್ಕುಗಟ್ಟಿದವು, ಸಿಹಿ ಬರಲಿಲ್ಲ. 24 ಮಂದಿಗೂ ಹಣ ವಾಪಸು ಕೊಡಬೇಕಾಯಿತು. ಅವರಲ್ಲಿ ಹಲವರು ಮುಂದಿನ ವರ್ಷ ಕೇಳಲೇ ಇಲ್ಲ. ಅಣ್ಣ ಮೇಲಿನ ಗಾದೆಯನ್ನೇ ಹೇಳಿ ಆ ಹೆಣ್ಣುಮಗಳನ್ನು ಬಿಡಿಸಿದ.

ಕೆಲವು ದಿನಗಳಾದ ಮೇಲೆ ನಾನು ಕುಳಿತು ಹಳೆಯ ಸಂದೇಶಗಳನ್ನು ಓದಿದೆ. ಮಂಗಳವಾರವೇ ಆಕೆ ಎರಡು ಸಲ ಕೇಳಿದ್ದರು: ‘ಅಣ್ಣಾ, ಶನಿವಾರಕ್ಕೆ ಎಷ್ಟು ಪೆಟ್ಟಿಗೆ ಒಪ್ಪಿಕೊಳ್ಳಲಿ?’ ಅಣ್ಣ ಅಂದು ಕೊಯ್ಲಿನಲ್ಲಿದ್ದ, ಉತ್ತರ ಕೊಟ್ಟಿರಲಿಲ್ಲ. ವಾರಕ್ಕೆ ಎಷ್ಟು ಪೆಟ್ಟಿಗೆ ಸಿಗುತ್ತದೆಂಬ ಅಂಕಿಯನ್ನು ಬರೆದು ಕೊಡಬೇಕೆಂದು ನಾನೂ ಅವನಿಗೆ ತಿಳಿಸಿರಲಿಲ್ಲ. ತಪ್ಪು ಆಕೆಯದಲ್ಲ, ನಮ್ಮದು. ಅಣ್ಣನೇ ಫೋನು ಮಾಡಿ ತಪ್ಪಾಯಿತೆಂದು ಹೇಳಿದ. ಮರುವರ್ಷ ಅದೇ ಹೆಣ್ಣುಮಗಳು ಕೆಲಸಕ್ಕೆ ಬಂದರು. ಈ ಬಾರಿ ಕೆಲಸವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟೆವು. ಸುಗ್ಗಿ ಸುಸೂತ್ರವಾಗಿ ಮುಗಿಯಿತು. ಆ ಹಾಳೆಯಿಂದ ಕಲಿತದ್ದನ್ನೇ ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಯಾರಿಗೆ ಬೇಕು, ಯಾರಿಗೆ ಬೇಡ

ದಿನಕ್ಕೆ ನಾಲ್ಕೈದು ಗಿರಾಕಿಗಳಷ್ಟೇ ಇರುವವರಿಗೆ ಗುಮಾಸ್ತ ಬೇಕಾಗಿಲ್ಲ. ಒಂದು ನೋಟ್ ಪುಸ್ತಕ ಸಾಕು. ಮಂಡಿಗೇ ಮಾಲು ಹಾಕುವವರಿಗೂ ಬೇಡ. ಮಾವು, ಬೆಲ್ಲ, ಹಲಸಿನ ಚಿಪ್ಸ್, ಗಾಣದ ಎಣ್ಣೆ, ಸಿರಿಧಾನ್ಯದ ಹಿಟ್ಟು, ಜೇನು, ನರ್ಸರಿ ಸಸಿ ಮುಂತಾದವನ್ನು ಅನೇಕ ಗಿರಾಕಿಗಳಿಗೆ ಸಣ್ಣ ಸಣ್ಣ ಪ್ರಮಾಣದಲ್ಲಿ ಮಾರುವವರಿಗೆ ಇದು ಉಪಯುಕ್ತ. ರೈತ ಉತ್ಪಾದಕ ಸಂಸ್ಥೆಗಳು ಹಾಗೂ ಸ್ತ್ರೀಶಕ್ತಿ ಗುಂಪುಗಳು ಕೂಡಿ ಒಬ್ಬರನ್ನು ಗೊತ್ತುಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ.

ನಿಮಗೆ ಬೇಕೋ ಬೇಡವೋ ಎಂದು ತಿಳಿಯಲು ಸುಲಭ ವಿಧಾನವಿದೆ. ಏಳು ದಿನ ಒಂದು ಪುಸ್ತಕ ಇಟ್ಟುಕೊಂಡು, ಕರೆ, ಸಂದೇಶ, ಲೆಕ್ಕ ಮತ್ತು ವಿಳಾಸ ಬರೆಯುವುದಕ್ಕೆ ಎಷ್ಟು ನಿಮಿಷ ಹೋಯಿತೆಂಬುದನ್ನು ಆಗಿಂದಾಗ್ಗೆ ಗುರುತು ಮಾಡಿ. ದಿನಕ್ಕೆ ಎರಡು ಗಂಟೆಗಿಂತ ಕಡಿಮೆಯಾದರೆ ಮನೆಯವರೇ ಹಂಚಿಕೊಳ್ಳಬಹುದು. ಅದಕ್ಕೂ ಹೆಚ್ಚಾದರೆ ಮುಂದಿನ ಲೆಕ್ಕ ನೋಡಿ.

ಖರ್ಚಿನ ಲೆಕ್ಕ

ಈ ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತಿಳಿಸಲು ಮಾತ್ರ. ನಿಮ್ಮ ಅಂಕಿಗಳನ್ನು ಹಾಕಿಕೊಂಡು ಲೆಕ್ಕ ಮಾಡಿ.

ದಿನಕ್ಕೆ 20 ಆರ್ಡರ್ ಬರುತ್ತವೆಂದಿಟ್ಟುಕೊಳ್ಳಿ. ಒಂದಕ್ಕೆ ಮಾತಿಗೆ 6 ನಿಮಿಷ, ಪುಸ್ತಕದಲ್ಲಿ ದಾಖಲಿಸಲು 3 ನಿಮಿಷ, ವಿಳಾಸದ ಚೀಟಿಗೆ 3 ನಿಮಿಷ, ಒಟ್ಟು 12 ನಿಮಿಷ. ದಿನಕ್ಕೆ 240 ನಿಮಿಷ, ಅಂದರೆ 4 ಗಂಟೆ. 60 ದಿನಗಳ ಸುಗ್ಗಿಗೆ 240 ಗಂಟೆ. ಗಂಟೆಗೆ 100 ರೂಪಾಯಿಯಂತೆ 24,000 ರೂಪಾಯಿ. ಒಟ್ಟು 1,200 ಆರ್ಡರುಗಳಿಗೆ ಹಂಚಿದರೆ ಪೆಟ್ಟಿಗೆಯೊಂದಕ್ಕೆ 20 ರೂಪಾಯಿ ಬೀಳುತ್ತದೆ.

ಇದನ್ನೇ ತಿಂಗಳಿಗೆ 12,000 ರೂಪಾಯಿ ಸಂಬಳವೆಂದು ಗೊತ್ತು ಮಾಡಿದಿರೆನ್ನಿ. ದಿನಕ್ಕೆ 20 ಆರ್ಡರ್ ಇರುವವರೆಗೆ ಪೆಟ್ಟಿಗೆಗೆ ಅದೇ 20 ರೂಪಾಯಿ. ಸುಗ್ಗಿ ಇಳಿದು ದಿನಕ್ಕೆ 5 ಆರ್ಡರ್ ಆದರೆ ತಿಂಗಳಿಗೆ 150 ಪೆಟ್ಟಿಗೆ. ಒಂದೊಂದಕ್ಕೆ 80 ರೂಪಾಯಿ ಬೀಳುತ್ತದೆ. ಮಂಡಿಯ ದರಕ್ಕಿಂತ ಪೆಟ್ಟಿಗೆಗೆ 100 ರೂಪಾಯಿ ಹೆಚ್ಚು ಸಿಗುತ್ತಿದ್ದರೆ, 20 ರೂಪಾಯಿ ಕೊಟ್ಟರೂ ಲಾಭವಿದೆ. 80 ಕೊಟ್ಟರೆ ದುಡಿದದ್ದು ಬರಿದೇ. ಆದುದರಿಂದ ಹಂಗಾಮಿನ ಸರಕು ಮಾರುವವರು ಗಂಟೆಯ ಲೆಕ್ಕದಲ್ಲಿ ಇಲ್ಲವೇ ಆರ್ಡರಿನ ಲೆಕ್ಕದಲ್ಲಿ, ಹಾಗೂ ವರ್ಷವಿಡೀ ಸಮನಾಗಿ ಮಾರಾಟವಿರುವವರು ತಿಂಗಳ ಲೆಕ್ಕದಲ್ಲಿ ಗೊತ್ತು ಮಾಡಿಕೊಳ್ಳುವುದು ಸೂಕ್ತ.

ಮೊದಲು ಕೆಲಸದ ಹಾಳೆ, ಆಮೇಲೆ ಗುಮಾಸ್ತ

ನೆಲ ಹದ ಮಾಡದೆ ಬಿತ್ತುವವರುಂಟೆ? ಹಾಗೆಯೇ ಆಳನ್ನು ಹುಡುಕುವ ಮೊದಲು ಕೆಲಸವನ್ನು ಬರೆದಿಡಬೇಕು. ಒಂದೇ ಹಾಳೆಯಲ್ಲಿ, ನಿಮ್ಮ ಮಾತಿನಲ್ಲೇ ಬರೆದರೆ ಸಾಕು. ಅದರಲ್ಲಿ ಈ ಅಂಶಗಳಿರಲಿ:

1. ಏನು ಮಾರುತ್ತೀರಿ, ಎಷ್ಟು ತೂಕದ ಪೊಟ್ಟಣ, ದರವೆಷ್ಟು, ಸಾಗಣೆ ಖರ್ಚು ಯಾರದು.

2. ವಾರದ ಯಾವ ದಿನ ಯಾವ ಊರಿಗೆ ಸರಕು ಹೋಗುತ್ತದೆ. ಅಂಚೆಯಲ್ಲೋ, ಕೊರಿಯರಿನಲ್ಲೋ, ಬಸ್ಸಿನ ಪಾರ್ಸೆಲ್ಲಿನಲ್ಲೋ.

3. ಆ ದಿನಕ್ಕೆ ಗರಿಷ್ಠ ಎಷ್ಟು ಆರ್ಡರ್ ಒಪ್ಪಿಕೊಳ್ಳಬಹುದು. ಈ ಅಂಕಿಯನ್ನು ನೀವು ಪ್ರತಿ ಸಂಜೆ ತಿಳಿಸಬೇಕು. ನೀವು ತಿಳಿಸದ ದಿನ ಹೊಸ ಆರ್ಡರ್ ಒಪ್ಪಿಕೊಳ್ಳಬಾರದೆಂದು ಹಾಳೆಯಲ್ಲೇ ಬರೆಯಿರಿ. ನಮ್ಮಣ್ಣನ ನಷ್ಟವನ್ನು ತಪ್ಪಿಸಬಹುದಾಗಿದ್ದದ್ದು ಈ ಒಂದು ಸಾಲು.

4. ಗಿರಾಕಿಗಳು ಪದೇಪದೇ ಕೇಳುವ ಪ್ರಶ್ನೆಗಳು, ಅವಕ್ಕೆ ನೀವು ಕೊಡುವ ಉತ್ತರಗಳು.

5. ಹಣ್ಣು ಕೊಳೆತು ಬಂದರೆ, ಶೀಸೆ ಒಡೆದರೆ ಏನು ಪರಿಹಾರ. ಎಷ್ಟು ರೂಪಾಯಿವರೆಗೆ ನಿಮ್ಮನ್ನು ಕೇಳದೆ ಒಪ್ಪಬಹುದು.

ನಾಲ್ಕನೆಯ ಅಂಶದ ಬಗ್ಗೆ ಎಚ್ಚರ ಅಗತ್ಯ. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ, ನೀವು ಅಧಿಕಾರ ಕೊಟ್ಟ ಪ್ರತಿನಿಧಿ ನಿಮ್ಮ ಪರವಾಗಿ ಆ ಅಧಿಕಾರದ ಮಿತಿಯಲ್ಲಿ ಒಪ್ಪಿದ ವ್ಯವಹಾರ ನೀವೇ ಒಪ್ಪಿದಂತೆ. ‘ಕಾರ್ಬೈಡ್ ಹಾಕಿ ಹಣ್ಣು ಮಾಡಿದ್ದೀರಾ?’ ಎಂದು ಪ್ರತಿ ಗಿರಾಕಿಯೂ ಕೇಳುತ್ತಾನೆ. ಕಾರ್ಬೈಡ್ ಅನಿಲದಿಂದ ಮಾಗಿಸಿದ ಹಣ್ಣಿನ ಮಾರಾಟವನ್ನು ಆಹಾರ ಸುರಕ್ಷತೆಯ ನಿಯಮಗಳು ನಿಷೇಧಿಸಿವೆ. ಎಥಿಲೀನ್ ಅನಿಲವನ್ನು 100 ಪಿ.ಪಿ.ಎಂ.ವರೆಗೆ ಬಳಸಲು ಅನುಮತಿಯಿದೆ. ನೀವು ಹುಲ್ಲಿನಲ್ಲಿ ಮಾಗಿಸುತ್ತೀರೋ, ಎಥಿಲೀನ್ ಬಳಸುತ್ತೀರೋ ಎಂಬುದನ್ನು ಇದ್ದದ್ದು ಇದ್ದಂತೆ ಬರೆದು ಕೊಡಿ. ಪ್ರಮಾಣಪತ್ರವಿಲ್ಲದೆ ‘ಜೈವಿಕ್ ಭಾರತ್’ ಮುದ್ರೆಯನ್ನು ಜಾಹೀರಾತಿನಲ್ಲಿ ಹಾಕಬಾರದೆಂದೂ ತಿಳಿಸಿ. ತೋಟದಲ್ಲಿ ನಡೆಯುವುದು ತುಮಕೂರಿನಲ್ಲಿ ಕುಳಿತವರಿಗೆ ಕಾಣುವುದಿಲ್ಲ. ನೀವು ಹೇಳಿದ್ದನ್ನೇ ಅವರು ಹೇಳುತ್ತಾರೆ.

ಕೊಡಬಹುದಾದ ಕೆಲಸ, ಕೊಡಬಾರದ ಬೀಗದ ಕೈ

ಕರೆ ಮತ್ತು ಸಂದೇಶಗಳಿಗೆ ಉತ್ತರಿಸುವುದು, ಆರ್ಡರ್ ಪಟ್ಟಿ ಮಾಡುವುದು, ವಿಳಾಸದ ಚೀಟಿ ಸಿದ್ಧಪಡಿಸುವುದು, ಸರಕು ತಲುಪಿತೇ ಎಂದು ವಿಚಾರಿಸುವುದು, ಬಾಕಿ ಹಣ ನೆನಪಿಸುವುದು, ಖರೀದಿ ರಸೀದಿಗಳ ಚಿತ್ರ ನೋಡಿ ಜಮಾ-ಖರ್ಚು ಬರೆಯುವುದು ಇವೆಲ್ಲ ದೂರದಿಂದ ಆಗುವ ಕೆಲಸಗಳು. ಅಂಕಿಗಳನ್ನು ತಪ್ಪಿಲ್ಲದೆ ಬರೆಯುವವರು ಬೇಕು. ಅಂಚೆಯ ಪಿನ್‌ಕೋಡಿಗೆ 6, ಮೊಬೈಲಿಗೆ 10, ಬ್ಯಾಂಕಿನ ಐ.ಎಫ್.ಎಸ್. ಸಂಕೇತಕ್ಕೆ 11, ಪೊಟ್ಟಣದ ಮೇಲಿನ ಆಹಾರ ಪರವಾನಗಿಗೆ 14, ಜಿ.ಎಸ್.ಟಿ. ಸಂಖ್ಯೆಗೆ 15 ಸ್ಥಾನಗಳು. ಒಂದು ತಪ್ಪಿದರೂ ಸರಕು ಇಲ್ಲವೇ ಹಣ ದಾರಿ ತಪ್ಪುತ್ತದೆ.

ತೆರಿಗೆಯ ತೀರ್ಮಾನವನ್ನು ಗುಮಾಸ್ತನಿಗೆ ಬಿಡಬೇಡಿ. ಸ್ವಂತ ಬೇಸಾಯದ ಫಸಲನ್ನು ಹಾಗೆಯೇ ಮಾರುವ ರೈತನಿಗೆ ಜಿ.ಎಸ್.ಟಿ. ನೋಂದಣಿ ಬೇಕಾಗಿಲ್ಲ. ಸಂಸ್ಕರಿಸಿ ಮಾರುವ ಪದಾರ್ಥಗಳ ವಿಷಯ ಬೇರೆ. ಅದನ್ನು ಲೆಕ್ಕಪರಿಶೋಧಕರನ್ನು ಕೇಳಿಯೇ ನಿರ್ಧರಿಸಬೇಕು.

ಈ ಕೆಳಗಿನವನ್ನು ಎಷ್ಟೇ ನಂಬಿಕಸ್ಥರಾದರೂ ಯಾರಿಗೂ ಕೊಡಕೂಡದು:

1. ಯು.ಪಿ.ಐ. ಪಿನ್, ಎ.ಟಿ.ಎಂ. ಪಿನ್, ಬ್ಯಾಂಕಿನ ಗುಪ್ತಪದ.

2. ಫೋನಿಗೆ ಬರುವ ಒ.ಟಿ.ಪಿ. ಅದು ನಿಮ್ಮ ಸಹಿಗೆ ಸಮ.

3. ಸಹಿ ಮಾಡಿದ ಖಾಲಿ ಚೆಕ್ಕು ಅಥವಾ ಖಾಲಿ ಕಾಗದ.

4. ಆಧಾರ್ ಪೂರ್ತಿ ಸಂಖ್ಯೆಯ ಪ್ರತಿ. ಗುರುತಿಗೆ ಬೇಕೇಬೇಕಾದರೆ ಕೊನೆಯ 4 ಅಂಕಿಗಳು ಮಾತ್ರ ಕಾಣುವ ಪ್ರತಿ ಸಾಕು.

ಮಾರಾಟಕ್ಕೆಂದು ಪ್ರತ್ಯೇಕ ಸಿಮ್ ಕೊಳ್ಳಿ. ಅದು ನಿಮ್ಮ ಹೆಸರಿನಲ್ಲೇ ಇರಲಿ, ನಿಮ್ಮ ಫೋನಿನಲ್ಲೇ ಇರಲಿ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಒಂದೇ ಸಂಖ್ಯೆಯ ಸಂದೇಶಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ನೋಡುವ ಅನುಕೂಲವಿದೆ. ಅದರ ಮೂಲಕ ಗುಮಾಸ್ತ ಕೆಲಸ ಮಾಡಬಹುದು. ಬೇಡವೆನಿಸಿದ ದಿನ ನಿಮ್ಮ ಫೋನಿನಿಂದಲೇ ಆ ಸಂಪರ್ಕ ತೆಗೆದುಹಾಕಬಹುದು. ಗಿರಾಕಿಗಳ ಬಳಿ ಇರುವುದು ನಿಮ್ಮ ಸಂಖ್ಯೆಯಾದ್ದರಿಂದ ಗುಮಾಸ್ತ ಬಿಟ್ಟುಹೋದರೂ ಅವರು ನಿಮ್ಮಲ್ಲೇ ಉಳಿಯುತ್ತಾರೆ. ಬ್ಯಾಂಕ್ ಖಾತೆಗೆ ಜೋಡಿಸಿದ ಸಂಖ್ಯೆಯನ್ನು ಮಾತ್ರ ಮಾರಾಟಕ್ಕೆ ಬಳಸಬೇಡಿ, ಆ ಸಂಖ್ಯೆಯ ಕರೆಗಳನ್ನು ಯಾರಿಗೂ ವರ್ಗಾಯಿಸಬೇಡಿ.

ಹಣದ ವಿಷಯದಲ್ಲಿ ಎರಡು ಮಾತು ನೆನಪಿಡಿ. ಮೊದಲನೆಯದು, ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ‘ಹಣ ಕಳಿಸುತ್ತೇನೆ, ಪಿನ್ ಒತ್ತಿ’ ಎಂದವನು ಮೋಸಗಾರ. ಎರಡನೆಯದು, ಹಣ ಕಳಿಸಿದ್ದೇನೆಂದು ಗಿರಾಕಿ ತೋರಿಸುವ ಚಿತ್ರವನ್ನು ನಂಬಿ ಸರಕು ಕಳಿಸಬಾರದು, ಅದನ್ನು ನಕಲಿ ಮಾಡಬಹುದು. ಖಾತೆಯಲ್ಲಿ ಹಣ ಜಮೆಯಾದುದನ್ನು ನೀವೇ ನೋಡಿ ಒಪ್ಪಿಗೆ ಕೊಟ್ಟ ಮೇಲೆ ಪೆಟ್ಟಿಗೆ ಹೊರಡಲಿ. ಮೋಸ ಹೋದದ್ದು ತಿಳಿದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ.

ಆಯ್ಕೆ ಮತ್ತು ಪರೀಕ್ಷೆ

ಕೆಲಸಗಾರರನ್ನು ಒದಗಿಸುವ ಕಂಪನಿಗಳೂ ಅಂತರ್ಜಾಲದ ತಾಣಗಳೂ ಇವೆ. ಆದರೂ ಮೊದಲು ಹತ್ತಿರದಲ್ಲೇ ವಿಚಾರಿಸಿ. ಪದವಿ ಮುಗಿಸಿ ಮದುವೆಯಾಗಿ ಬೇರೆ ಊರಿಗೆ ಹೋದ ನಿಮ್ಮೂರಿನ ಹೆಣ್ಣುಮಕ್ಕಳು, ಮನೆಯಿಂದ ಹೊರಗೆ ದುಡಿಯಲಾಗದ ಅಂಗವಿಕಲರು, ಕೆಲಸದಿಂದ ನಿವೃತ್ತರಾದ ಸಹಕಾರ ಸಂಘದ ಕಾರ್ಯದರ್ಶಿಗಳು ಇಂತಹ ಕೆಲಸಕ್ಕೆ ಚೆನ್ನಾಗಿ ಒದಗುತ್ತಾರೆ. ಬಾದಾಮಿ ಯಾವುದು, ರಸಪುರಿ ಯಾವುದು ಎಂಬುದನ್ನು ಇವರಿಗೆ ಹೇಳಿಕೊಡಬೇಕಾಗುವುದಿಲ್ಲ. ಬೆಂಗಳೂರಿನ ಗಿರಾಕಿಗಳಿದ್ದರೆ ಕನ್ನಡದ ಜೊತೆಗೆ ಇಂಗ್ಲಿಷೋ ಹಿಂದಿಯೋ ಸ್ವಲ್ಪ ಬರಬೇಕು. ಹಿಂದೆ ಕೆಲಸ ಮಾಡಿದ ಕಡೆ ಒಬ್ಬಿಬ್ಬರನ್ನು ಫೋನಿನಲ್ಲಿ ವಿಚಾರಿಸುವುದು ಒಳ್ಳೆಯದು.

ಹೊಸ ತಳಿಯನ್ನು ಒಮ್ಮೆಲೇ ಇಡೀ ಹೊಲಕ್ಕೆ ಬಿತ್ತಬೇಡಿರೆಂದು ನಾವು ಹೇಳುತ್ತೇವಲ್ಲ, ಇಲ್ಲಿಯೂ ಹಾಗೆಯೇ. ಮೊದಲು ಹಳೆಯ ಹತ್ತು ಸಂದೇಶಗಳನ್ನು, ಗಿರಾಕಿಗಳ ಹೆಸರು ಮತ್ತು ಸಂಖ್ಯೆ ಅಳಿಸಿ ಕೊಟ್ಟು, ಉತ್ತರ ಬರೆಯಲು ಹಾಗೂ ಆರ್ಡರ್ ಪಟ್ಟಿ ಮಾಡಲು ಹೇಳಿ. ಈ ಪರೀಕ್ಷೆಗೂ ಕೂಲಿ ಕೊಡಿ. ಪಟ್ಟಿ ಸರಿಯಿದ್ದರೆ 15 ದಿನ ಪರೀಕ್ಷಾರ್ಥವಾಗಿ ಇಟ್ಟುಕೊಳ್ಳಿ. ಇದು ಸುಗ್ಗಿಗೆ ಮುಂಚೆಯೇ ಆಗಬೇಕು. ಗಮನಿಸಬೇಕಾದದ್ದು ಒಂದೇ: ತಿಳಿಯದಿದ್ದಾಗ ಅವರು ನಿಮ್ಮನ್ನು ಕೇಳುತ್ತಾರೋ, ತೋಚಿದ್ದನ್ನು ಹೇಳಿ ಮುಗಿಸುತ್ತಾರೋ? ಕೇಳುವವರನ್ನು ಉಳಿಸಿಕೊಳ್ಳಿ.

ಬರಹದ ಕರಾರು

ನಂಟರ ಮನೆಯವರಾದರೂ ಕರಾರು ಬರಹದಲ್ಲಿರಬೇಕು. ಕೆಲಸದ ವೇಳೆ, ರಜೆ, ಕೂಲಿಯ ದರ, ಕೊಡುವ ದಿನ, ಕೆಲಸ ಬಿಡಲು ಎಷ್ಟು ದಿನ ಮುಂಚೆ ತಿಳಿಸಬೇಕು, ಬಿಡುವಾಗ ಯಾವ ಯಾವ ದಾಖಲೆ ಒಪ್ಪಿಸಬೇಕು ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಿ. ಗಿರಾಕಿಗಳ ಹೆಸರು, ವಿಳಾಸ, ಫೋನು ಸಂಖ್ಯೆಗಳನ್ನು ಬೇರೆ ಯಾರಿಗೂ ಕೊಡಬಾರದೆಂಬುದೂ ಅದರಲ್ಲಿರಲಿ. ಇಂತಹ ವಿವರಗಳ ರಕ್ಷಣೆಗೆಂದೇ ಸಂಸತ್ತು 2023ರಲ್ಲಿ ಕಾಯಿದೆಯೊಂದನ್ನು ಮಾಡಿದೆ. ನಂಬಿ ವಿಳಾಸ ಕೊಟ್ಟ ಗಿರಾಕಿಗೆ ನಾವು ತೋರಿಸಬೇಕಾದ ಮರ್ಯಾದೆಯೂ ಅದೇ.

ಕರಾರು ಗುಮಾಸ್ತನನ್ನು ಕಟ್ಟಿಹಾಕಲು ಮಾತ್ರವಲ್ಲ, ನಿಮ್ಮನ್ನೂ ಕಟ್ಟಿಹಾಕುತ್ತದೆ. ಹೇಳಿದ ದಿನ ಕೂಲಿ ಕೊಡಿ. ರಾತ್ರಿ ಹತ್ತಕ್ಕೆ ಕರೆ ಮಾಡಬೇಡಿ. ಕೆಲಸದವರು ಹೆಣ್ಣುಮಗಳಾದರೆ ಮನೆಯಿಂದ ಯಾರು ಮಾತನಾಡುತ್ತಾರೆಂಬುದನ್ನು ಮೊದಲೇ ತಿಳಿಸಿ, ಅವರೊಬ್ಬರೇ ಮಾತನಾಡಿ. ಯಾವ ಗಿರಾಕಿಯಾದರೂ ಅವರೊಡನೆ ಕೆಟ್ಟದಾಗಿ ಮಾತನಾಡಿದರೆ ಆ ಗಿರಾಕಿಯನ್ನು ಬಿಡಿ.

ಸಂಜೆಯ ಹತ್ತು ನಿಮಿಷ

ಗುಮಾಸ್ತ ಬಂದರೆಂದು ಲೆಕ್ಕ ನೋಡುವುದನ್ನು ಬಿಡುವಂತಿಲ್ಲ. ಪ್ರತಿ ಸಂಜೆ ಹತ್ತು ನಿಮಿಷ ಮೀಸಲಿಡಿ. ಗುಮಾಸ್ತ ನಾಲ್ಕು ಅಂಕಿಗಳನ್ನು ಕಳಿಸಲಿ: ಇಂದು ಬಂದ ಆರ್ಡರ್, ಕಳಿಸಿದ ಪೆಟ್ಟಿಗೆ, ಬರಬೇಕಾದ ಹಣ, ಬಂದ ದೂರು. ನೀವು ಎರಡು ಅಂಕಿಗಳನ್ನು ಕಳಿಸಿ: ಖಾತೆಗೆ ಜಮೆಯಾದ ಹಣ, ಮುಂದಿನ ಸಾಗಣೆಯ ದಿನಕ್ಕೆ ಸಿದ್ಧವಾಗುವ ಪೆಟ್ಟಿಗೆ. ಆರೂ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಕೂಡಿಸಿ ನೋಡಿದರೆ ಈ ಖರ್ಚು ಲಾಭವೋ ನಷ್ಟವೋ ಎಂಬುದು ನಿಮಗೇ ತಿಳಿಯುತ್ತದೆ. ಎರಡು ತಿಂಗಳಾದರೂ ಲಾಭ ಕಾಣದಿದ್ದರೆ, ಸಂಕೋಚವಿಲ್ಲದೆ ಕರಾರಿನಂತೆ ಮುಂಚಿತವಾಗಿ ತಿಳಿಸಿ ನಿಲ್ಲಿಸಿಬಿಡಿ.

ಉಳಿದ ಸಮಯವನ್ನು ತೋಟಕ್ಕೆ ಕೊಡಿ. ಕಾಯಿ ಬಲಿತಿದೆಯೇ ಎಂದು ನೀರಿನಲ್ಲಿ ಮುಳುಗಿಸಿ ನೋಡುವುದು, ತೊಟ್ಟಿನ ಸೊನೆ ತಾಗದಂತೆ ಕೀಳಿಸುವುದು, ಗಾತ್ರ ನೋಡಿ ಬೇರ್ಪಡಿಸುವುದು ಇವನ್ನು ದೂರದಿಂದ ಯಾರೂ ಮಾಡಿಕೊಡಲಾರರು. ಗಿರಾಕಿ ಮರಳಿ ಬರುವುದು ಪೆಟ್ಟಿಗೆಯೊಳಗಿನ ಹಣ್ಣಿಗಾಗಿ.

ಈಗ ಅದೇ ಗಾದೆಯನ್ನು ನಮ್ಮಣ್ಣ ಬೇರೆ ರೀತಿ ಹೇಳುತ್ತಾನೆ: ‘ಆಳು ಮಾಡಿದ್ದು ಹಾಳಲ್ಲ, ಹೇಳದೆ ಮಾಡಿಸಿದ್ದು ಹಾಳು.’ ಮುಂದಿನ ಸುಗ್ಗಿಗೆ ಇನ್ನೂ ಕಾಲವಿರುವಾಗಲೇ ಒಂದು ಹಾಳೆ ತೆಗೆದುಕೊಂಡು ಕೆಲಸಗಳನ್ನು ಬರೆಯಲು ತೊಡಗಿ. ಬರೆದ ಮೇಲೆ ಗುಮಾಸ್ತ ಬೇಡವೆಂದು ಕಂಡರೂ ಆ ಹಾಳೆ ನಿಮ್ಮ ಮನೆಯವರಿಗೆ ಉಪಯೋಗಕ್ಕೆ ಬರುತ್ತದೆ.